ಧೈರ್ಯ ಮಾಡು ಅನ್ನಬ್ಯಾಡ್ರಿ, ಗ್ರೌಂಡ್ ಕೊಡ್ರಿ

ಭಾಗ 1

ಮೊದಲನೇ ಫೋಟೋ ನೋಡ್ರಿ. ಏನಂತ ಗೊತ್ತಾತೇನು? ಅದು ಸೈಕಲ್ ಪೆಡಲ್. ಖರೇ ಹೇಳಬೇಕಂದ್ರ ಪೆಡಲ್ ಇದ್ದ ಜಾಗ. ಪ್ಲಾಸ್ಟಿಕ್ ಒಡೆದು ಉದುರಿ, ನಡುವಿನ ಕಬ್ಬಿಣದ ಕಡ್ಡಿ ಒಂದೇ ಉಳಿದಿದೆ. ನಮ್ಮ ಕಾಕಾನ ಮಗಳು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಿಂದ ಹೈಸ್ಕೂಲಿಗೆ ದಿನಾ ನಾಲ್ಕು ಕಿಲೋಮೀಟರ್ ಹೋಗಿ ನಾಲ್ಕು ಕಿಲೋಮೀಟರ್ ಬರುತ್ತಿದ್ದಳು, ಆ ಕಡ್ಡಿ ಮೇಲೆ ಹವಾಯಿ ಚಪ್ಪಲ್ ಇಟ್ಟು. ಸೈಕಲ್ ಅವಳಕ್ಕನದು. ಅಕ್ಕಗ ಎಂಟನೇ ಕ್ಲಾಸಿನ್ಯಾಗ ಸರಕಾರದಿಂದ ಸಿಕ್ಕಿದ್ದು.

ಹೋದ ವರ್ಷ ಕಬ್ಬಿನ ಸೀಜನ್. ಹಿಂದಿನಿಂದ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂತು. ಎಷ್ಟು ಹತ್ತಿರ ಬಂತು ಅಂತ ನೋಡಾಕ ಇಕಿ ತಲಿ ಹೊರಳಿಸಿದಳು. ತಲಿ ಜೋಡಿ ಹ್ಯಾಂಡಲ್ಲೂ ಹೊರಳಿತು. ಸಂಬಾಳಿಸಾಕ ಹೋದಾಗ ಕಾಲು ಕಡ್ಡಿಯಿಂದ ಜಾರಿತು. ಎಡಕ್ಕ ಬಿದ್ದಳು, ಎರಿ ಮಣ್ಣಿನ ಮ್ಯಾಲ. ಬಲಕ್ಕ ಬಿದ್ದಿದ್ರ ನಾನು ಈ ಪೋಸ್ಟ್ ಬರೀತಿರಲಿಲ್ಲ. ಟ್ರ್ಯಾಕ್ಟರ್ ಡ್ರೈವರಗ ಗೊತ್ತೇ ಆಗಲಿಲ್ಲ, ಹಾಡು ಅಷ್ಟು ಜೋರ ಹಚ್ಚಿದ್ದ.

ಮೊಳಕಾಲು, ಮೊಳಕೈ ಕೆತ್ತಿದ್ದು ಹದಿನೈದು ದಿನದಾಗ ಮಾಯಿತು. ಆದರ ಸೈಕಲ್ ದನದ ಕೊಟ್ಟಿಗ್ಯಾಗ ಹೋಗಿ ನಿಂತಿತು. ಅದರ ಕ್ಯಾರಿಯರ್ ಮ್ಯಾಲ ಕಣಕಿ ಸೂಡು. ಮನ್ಯಾಗ ಎಲ್ಲಾರೂ ಒಂದೊಂದು ಹೇಳಿದರು. ಅಜ್ಜಿ, "ನೋಡಿಕೊಂಡು ಹೋಗಬಾರದೇನಬೇ?" ಮಾವ, "ಭಾಳ ಅಂಜತಾಳ ಇಕಿ, ಸೈಕಲ್ಲಿಗೆ ಧೈರ್ಯ ಬೇಕು." ಕಾಕಾ ಏನೂ ಅನ್ನಲಿಲ್ಲ. ಎರಡು ವಾರದ ಮ್ಯಾಲ ಊಟಕ್ಕ ಕುಂತಾಗ ಮಾತ್ರ, "ಹತ್ತನೇದು ಆದರ ಸಾಕು ಬಿಡು, ಕಾಲೇಜು ಇನ್ನೂ ದೂರ" ಅಂದರು.

ಒಂದು ಮುರಿದ ಪೆಡಲ್ಲು, ಒಂದು ಸಲ ಹಿಂದ ನೋಡಿದ್ದು. ಅಷ್ಟರಿಂದ ಒಬ್ಬ ಹುಡುಗಿಯ ಕಾಲೇಜಿನ ಮಾತು ಮುಗಿಯೋ ಹಂತಕ್ಕ ಬಂತು. ಇದು ಅವಳ ಧೈರ್ಯದ ಪ್ರಶ್ನೆ ಅಂತ ನೀವೂ ಅನ್ನೋದಾದರ ನನ್ನ ನಿಮ್ಮ ಜಗಳ ಇಲ್ಲಿಂದ ಶುರು. ಪೂರ್ತಿ ಓದ್ರಿ, ಆಮ್ಯಾಲ ಕಮೆಂಟಿನ್ಯಾಗ ಬಡದಾಡೋಣ.

ಭಾಗ 2

ನಾನೂ ಆ ಸೈಕಲ್ ತಗೊಂಡವನೇ. ನನ್ನ ಕ್ಲಾಸ್‌ಮೇಟ್ಸ್ ಅರ್ಧಕ್ಕಿಂತ ಹೆಚ್ಚು ಮಂದಿ ತಗೊಂಡೀರಿ. ಕರ್ನಾಟಕದಲ್ಲಿ 2006-07ರಲ್ಲಿ ಶುರುವಾದ ಯೋಜನೆ ಅದು, ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಕೋವಿಡ್ ಬಂದ ಮೇಲೆ ಹಂಚಿಕೆ ನಿಂತಿತು.

ಯೋಜನೆ ಕೆಟ್ಟದ್ದು ಅಂತ ನಾನು ಹೇಳಾಕತ್ತಿಲ್ಲ, ಅದನ್ನ ತಪ್ಪು ತಿಳ್ಕೋಬ್ಯಾಡ್ರಿ. ಬಿಹಾರದಲ್ಲೂ 2006ರಲ್ಲೇ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ತೆಗೆದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ 32% ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ 40% ಇಳಿದಿತ್ತು. ಶಾಲೆ 3 ಕಿಲೋಮೀಟರ್‌ಗಿಂತ ದೂರ ಇದ್ದ ಹಳ್ಳಿಗಳಲ್ಲೇ ಈ ಬದಲಾವಣೆ ಹೆಚ್ಚಾಗಿ ಕಂಡದ್ದು. ನಮ್ಮ ತಂಗಿಯ ಶಾಲೆ ನಾಲ್ಕು ಕಿಲೋಮೀಟರ್ ಅನ್ನೋದು ನೆನಪಿರಲಿ.

ಅಂದ್ರ ಸೈಕಲ್ ಅನ್ನೋದು ಆಟದ ಸಾಮಾನಲ್ಲ. ನಮ್ಮ ಕಡೆ ಒಬ್ಬ ಹುಡುಗಿ ಎಷ್ಟನೇ ಕ್ಲಾಸಿನ ತನಕ ಓದ್ತಾಳ ಅನ್ನೋದನ್ನ ಅದು ತೀರ್ಮಾನ ಮಾಡ್ತೈತಿ.

ಈಗ ಸೈಕಲ್ ಹಂಚಿದ ದಿನ ನೆನಪು ಮಾಡ್ಕೊಳ್ರಿ. ಗ್ರೌಂಡಿನ್ಯಾಗ ಸಾಲಾಗಿ ಸೈಕಲ್ಲು, ಹ್ಯಾಂಡಲ್ಲಿಗೆ ಹೂವು, ಭಾಷಣ, ಫೋಟೋ, ಚಪ್ಪಾಳೆ. ಸಂಜಿಕ ನಮ್ಮ ಶಾಲ್ಯಾಗಿನ ಅರ್ಧ ಹುಡುಗ್ಯಾರು ಹೊಸ ಸೈಕಲ್ ದಬ್ಬಿಕೊಂತ ಮನಿಗೆ ಹೋದರು. ಕೆಲವರದು ಅಪ್ಪ ಬಂದು ಹೊಡಕೊಂಡು ಹೋದ, ಮಗಳು ಹಿಂದ ಕ್ಯಾರಿಯರ್ ಮ್ಯಾಲ. ಅಲ್ಲಿ ಅಷ್ಟು ದೊಡ್ಡ ಗ್ರೌಂಡ್ ಇತ್ತು, ಪಿಟಿ ಮಾಸ್ತರ್ ಇದ್ದರು, ಸೈಕಲ್ಲಂತೂ ಇದ್ದೇ ಇದ್ದವು. ಒಂದೇ ಒಂದು ತಾಸು, "ಹತ್ತೋದು ಹಿಂಗ, ನಿಲ್ಲಿಸೋದು ಹಿಂಗ, ಹಿಂದ ನೋಡೋದು ಹಿಂಗ" ಅಂತ ಯಾರೂ ತೋರಿಸಲಿಲ್ಲ. ನಾನು ಕೇಳಿದ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಯಾವ ಗೆಳೆಯ ಗೆಳತಿಗೂ ತೋರಿಸಿಲ್ಲ.

ಕಲಿಸೋದು ಗೊತ್ತಿಲ್ಲದ ನಾಡೇನು ಇದು? ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ಕ್ರೀಡಾ ವಸತಿ ಶಾಲೆ ಇದೆ, ಅಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ರಾಷ್ಟ್ರ ಮಟ್ಟದ ರೇಸುಗಳಲ್ಲಿ ಮೆಡಲ್ ತರುತ್ತಾರೆ. ನಮ್ಮ ಜಾತ್ರಿಯೊಳಗ ಸೈಕಲ್ ಶರ್ಯತ್ತು ಇಲ್ಲದಿದ್ರ ಜಾತ್ರಿ ಅನಿಸೋದೇ ಇಲ್ಲ. ರೇಸಿಗೆ ಹೋಗೋರಿಗೆ ಕೋಚ್ ಅದಾರ. ಶಾಲಿಗೆ ಹೋಗೋಕಿಗೆ "ಧೈರ್ಯ ಮಾಡು" ಅನ್ನೋ ಒಂದು ಮಾತು ಐತಿ, ಅಷ್ಟ.

ಭಾಗ 3

ಸ್ಟೋರಿಯೊಳಗ ಈ ವಿಷಯ ಹಾಕಿದ ಕೂಡಲೇ ಬಂದ ಮೊದಲ ಉತ್ತರ: "ಲೇ, ನಾವೆಲ್ಲಾ ಬಿದ್ದೇ ಕಲ್ತೀವಿ. ಒಳಪೆಡಲ್ ಹೊಡದು ಕಲ್ತೀವಿ. ಇದಕ್ಕೂ ಕ್ಲಾಸ್ ಬೇಕೇನು?"

ಅಣ್ಣಾ, ನೀ ಬಿದ್ದು ಕಲ್ತಿ, ಒಪ್ಪಿದೆ. ನೀ ಇಲ್ಲಿ ಕಮೆಂಟ್ ಮಾಡಾಕತ್ತೀದಿ. ಬಿದ್ದು ಬಿಟ್ಟವರು ಎಲ್ಲಿ ಅದಾರ? ಅವರು ಸೈಕಲ್ ಪೋಸ್ಟಿಗೆ ಕಮೆಂಟ್ ಹಾಕೋದಿಲ್ಲ. ನಿನ್ನ ಅಕ್ಕನ ಕೇಳು, ನಿನ್ನ ಅವ್ವನ ಕೇಳು. "ಸಣ್ಣಾಕಿದ್ದಾಗ ಒಂದು ಸಲ ಹತ್ತಿದ್ದೆ, ಬಿದ್ದೆ, ನಮ್ಮಪ್ಪ ಬ್ಯಾಡ ಅಂದ" ಅಂತ ಎಷ್ಟು ಮಂದಿ ಹೇಳ್ತಾರ ಎಣಿಸು. ಹುಡುಗ ಬಿದ್ದರ ಊರವರು ನಕ್ಕು "ಏಳಲೇ, ಮತ್ತ ಹತ್ತು" ಅಂತಾರ. ಹುಡುಗಿ ಬಿದ್ದರ ಆ ಸೈಕಲ್ಲನ್ನೇ ಕೊಟ್ಟಿಗ್ಯಾಗ ಇಡ್ತಾರ. ಒಂದೇ ರಸ್ತೆ, ಒಂದೇ ಗಾಯ, ಆದರ ಎರಡನೇ ಅವಕಾಶ ಒಬ್ಬರಿಗಷ್ಟೇ.

ಮತ್ತ ಒಳಪೆಡಲ್ ಬಗ್ಗೆ. ಬಾರಿನ ಕೆಳಗ ಕಾಲು ತೂರಿಸಿ ದೊಡ್ಡವರ ಸೈಕಲ್ ಹೊಡಿಯೋದು ನಾನೂ ಮಾಡೀನಿ, ಮಜಾ ಐತಿ. ಆದರ ಅದು ನಮ್ಮ ಅಳತಿಯ ಸೈಕಲ್ ಇಲ್ಲದ್ದಕ್ಕ ಮಾಡಿದ ಉಪಾಯ. ಉಪಾಯವನ್ನ ಪಾಠ ಅಂತ ಕರೀಬ್ಯಾಡ್ರಿ.

ಕಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗೋದು ಬ್ಯಾಡ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆ, 1990ರ ದಶಕದ ಶುರು. ಅಲ್ಲಿ ಅರಿವೊಳಿ ಇಯಕ್ಕಂ ಅನ್ನೋ ಸಾಕ್ಷರತಾ ಆಂದೋಲನ ನಡೆದಿತ್ತು. ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್, ಅಕ್ಷರದ ಜೊತೆಗೆ ಹಳ್ಳಿಯ ಹೆಂಗಸರಿಗೆ ಸೈಕಲ್ ಸವಾರಿಯನ್ನೂ ಕಲಿಸಬೇಕು ಅಂತ ನಿಂತರು. ಹಳ್ಳಿಗಳಲ್ಲಿ ತರಬೇತಿ ಶಿಬಿರ ನಡೆದವು. ಹೊಲದ ಕೂಲಿಯವರು, ಕಲ್ಲುಗಣಿ ಕೆಲಸದವರು, ಅಂಗನವಾಡಿಯವರು, ಟೀಚರ್‌ಗಳು ಒಟ್ಟಿಗೆ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದಿದ್ದಾರೆ: ಸಾವಿರಾರು ಹೆಂಗಸರು, ಲೇಡೀಸ್ ಸೈಕಲ್ ಸಾಲದೆ ಜೆಂಟ್ಸ್ ಸೈಕಲ್ಲನ್ನೇ ಹೊಡೆಯುತ್ತಿದ್ದರು, ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಅಂತ ಕೆಲವರಿಗೆ ಅದೇ ಪಸಂದಾಗಿತ್ತು. ಅವರಿಗೆ ಕೊಟ್ಟದ್ದು ಮುಖ್ಯವಾಗಿ ಸೈಕಲ್ಲಲ್ಲ, ಕಲಿಯುವ ಜಾಗ, ಕಲಿಸುವವರು ಮತ್ತು ಜೊತೆಗಾರರು. ಮೂವತ್ತು ವರ್ಷದ ಹಿಂದ ಬಾಜೂ ರಾಜ್ಯದಾಗ ಆಗಿದ್ದು ರಾಣಿ ಚನ್ನಮ್ಮನ ನಾಡಿನ್ಯಾಗ ಯಾಕ ಆಗಬಾರದು? ಕಿತ್ತೂರು ಉತ್ಸವದಾಗ ವರ್ಷಾ ಚನ್ನಮ್ಮನ ಹೆಸರಿಲೆ ಎಷ್ಟು ಭಾಷಣ ಕೇಳ್ತೀವಿ. ಕುದರಿ ಹತ್ತಿದಾಕಿಯ ಊರಾಗ ಹುಡುಗಿಗೆ ಸೈಕಲ್ ಹತ್ತೋದು ಕಲಿಸೋರಿಲ್ಲ.

ಭಾಗ 4

ಈಗ ಪೆಡಲ್. ಬ್ರೇಕ್ ಬಗ್ಗೆ ಮಾತಾಡ್ತೀವಿ, ಗೇರ್ ಬಗ್ಗೆ ಮಾತಾಡ್ತೀವಿ, ಪೆಡಲ್ ಬಗ್ಗೆ ಯಾರೂ ಮಾತಾಡಂಗಿಲ್ಲ. ನಿಮ್ಮ ಮೈಗೂ ಸೈಕಲ್ಲಿಗೂ ಸಂಬಂಧ ಇರೋದು ಮೂರೇ ಕಡೆ: ಕೈ, ಸೀಟು, ಕಾಲು. ಅದರಾಗ ಕಾಲಿನ ಜಾಗ ಜಾರಿದರ ಉಳಿದ ಎರಡೂ ಕೆಲಸಕ್ಕ ಬರಂಗಿಲ್ಲ.

ನಮ್ಮ ಕಡೆ ಸಿಗೋ ಪೆಡಲ್‌ಗಳು ಇವು. ಹಗುರ ಪ್ಲಾಸ್ಟಿಕ್‌ದು, ಹೊಸ ಸೈಕಲ್ಲಿನ ಜೋಡಿ ಬರೋದು: ಒಣ ಇದ್ದಾಗ ನಡೀತೈತಿ, ಮಳಿ ಬಂದಾಗ ಸೋಪು, ವರ್ಷ ಎರಡು ವರ್ಷಕ್ಕ ಅಂಚು ಸವೆದು ಒಡೀತೈತಿ. ಹಳೇ ಕರೀ ಸೈಕಲ್ಲಿನ ರಬ್ಬರ್ ಪೆಡಲ್, ಎರಡು ಉದ್ದ ರಬ್ಬರ್ ತುಂಡು ಕೂಡಿಸಿದ್ದು. ಹಲ್ಲು ಹಲ್ಲು ಇರೋ ಕಬ್ಬಿಣದ ಚೌಕಟ್ಟಿನ ಪೆಡಲ್. ಅಗಲ ಹಲಗಿ ಹಂಗ ಇದ್ದು ಮ್ಯಾಲ ಸಣ್ಣ ಮೊಳೆ ಇರೋ ನೈಲಾನ್ ಇಲ್ಲಾ ಅಲ್ಯೂಮಿನಿಯಂ ಪೆಡಲ್, ಬೆಳಗಾವಿ ಹುಬ್ಬಳ್ಳಿ ಅಂಗಡ್ಯಾಗ ಇಲ್ಲಾ ಆನ್‌ಲೈನ್‌ನ್ಯಾಗ ಸಿಗ್ತೈತಿ. ಕಡೀಕ ಶೂಗೆ ಕಚ್ಚಿಕೊಳ್ಳೋ ಕ್ಲಿಪ್ ಪೆಡಲ್, ಅದರ ಕಥಿ ಮುಂದಿನ ಭಾಗದಾಗ.

ಯಾವುದು ಒಳ್ಳೇದು? ಪ್ರಶ್ನೆನೇ ತಪ್ಪು. ನೀವು ಕಾಲಿಗೆ ಏನು ಹಾಕ್ತೀರಿ ಅದನ್ನ ಮೊದಲು ಹೇಳ್ರಿ. ಚಪ್ಪಲ್ ಹಾಕಿ ಹೋಗೋರಿಗೆ ರಬ್ಬರ್ ಪೆಡಲ್ಲಿಗೆ ಸಾಟಿ ಇಲ್ಲ. ಮೆತ್ತಗ ಹಿಡೀತೈತಿ, ಬರಿಗಾಲಿಗೂ ಚುಚ್ಚಂಗಿಲ್ಲ. ಚಪ್ಪಲ್ ಮ್ಯಾಲ ಮೊಳೆ ಪೆಡಲ್ ಹಾಕಿದ್ರ ಒಂದಿನ ಕಾಲು ಜಾರಿ ಮೊಳೆ ಮೀನಖಂಡಕ್ಕ ಬಡಿದಾಗ ನನ್ನ ನೆನಸ್ತೀರಿ. ಶಾಲಿ ಕ್ಯಾನ್ವಾಸ್ ಶೂ, ಸ್ಪೋರ್ಟ್ಸ್ ಶೂ ಹಾಕೋರಿಗೆ ಅಗಲ ಹಲಗಿ ಪೆಡಲ್ ಭಾಳ ಛಲೋ, ಪಾದ ಪೂರ್ತಿ ಕೂಡ್ತೈತಿ. ಎತ್ತರ ಹಿಮ್ಮಡಿಯ ಸ್ಯಾಂಡಲ್ಲಿಗೆ ಯಾವ ಪೆಡಲ್ಲೂ ಒಳ್ಳೇದಲ್ಲ, ಅದನ್ನ ಚೀಲದಾಗ ಹಾಕ್ಕೊಂಡು ಹೋಗ್ರಿ.

ತಂಗಿಯ ಸೈಕಲ್ಲಿಗೆ ನಾನು ಬೈಲಹೊಂಗಲದಾಗ ತಗೊಂಡಿದ್ದು ರಬ್ಬರ್ ಪೆಡಲ್ ಜೋಡಿ, 220 ರೂಪಾಯಿ. ಕಾಲೇಜಿನ ಕನಸು ನಿಲ್ಲಿಸಾಕ ಹೊಂಟಿದ್ದ ವಸ್ತುವಿನ ರೇಟು ನೋಡ್ರಿ.

ತಗೊಳ್ಳೋವಾಗ ಒಂದು ಮಾತು. ದೊಡ್ಡವರ ಸೈಕಲ್ಲಿಗೆ ಸಾಮಾನ್ಯವಾಗಿ 9/16 ಇಂಚಿನ ಥ್ರೆಡ್, ಕೆಲವು ಮಕ್ಕಳ ಸೈಕಲ್ಲಿಗೆ 1/2 ಇಂಚು. ಹಳೇದನ್ನ ಬಿಚ್ಚಿ ಅಂಗಡಿಗೆ ಒಯ್ದರ ತಪ್ಪೋ ಮಾತೇ ಇಲ್ಲ.

ಭಾಗ 5

ಇದು ನನ್ನ ಮಾನ ಹೋದ ಕಥಿ. ಆದರೂ ಹೇಳ್ತೀನಿ, ಯಾಕಂದ್ರ ನಿಮ್ಮಾಗ ಕೆಲವರು ನನ್ನ ಹಳೇ ರೀಲ್ ನೋಡಿ ಕ್ಲಿಪ್ ಪೆಡಲ್ ತಗೊಂಡೀರಿ.

ಎರಡು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಜೋಡಿ ಕ್ಲಿಪ್ ಪೆಡಲ್ಲೂ ಶೂನೂ ಬಂದವು. ಶೂ ತಳಕ್ಕ ಒಂದು ಲೋಹದ ತುಂಡು ಇರ್ತೈತಿ. ಪೆಡಲ್ ಮ್ಯಾಲ ಒತ್ತಿದರ "ಟಕ್" ಅಂತ ಕಚ್ಚಿಕೊಳ್ತೈತಿ, ಬಿಡಿಸಾಕ ಹಿಮ್ಮಡಿ ಹೊರಗ ತಿರುವಬೇಕು. ಬೈಲಹೊಂಗಲದಿಂದ ಕಿತ್ತೂರಿಗೆ ಹೋದೆ. ರಸ್ತೆ ಮ್ಯಾಲ ರಾಜಾ. ಕೋಟಿ ಮುಂದ ಹೋಗಿ ನಿಂತೆ. ನಿಂತೆ ಅಂದ್ರ ಸೈಕಲ್ ನಿಂತಿತು, ಎರಡೂ ಕಾಲು ಪೆಡಲ್ಲಿಗೆ ಅಂಟಿಕೊಂಡಿದ್ದವು. ಟ್ರಿಪ್ಪಿಗೆ ಬಂದಿದ್ದ ಒಂದು ಬಸ್ ಶಾಲಿ ಮಕ್ಕಳ ಮುಂದ ಕಡದ ಗಿಡದಂಗ ಬಾಜೂಕ ಬಿದ್ದೆ. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದ ಊರು ಅದು. ಅವನ ನಂತರ ನಾನು.

ಆ ರೀಲಿನ್ಯಾಗ ಬಿದ್ದಿದ್ದು ಹಾಕಿರಲಿಲ್ಲ. "ಕ್ಲಿಪ್ ಹಾಕಿದ್ರ ಕಾನ್ಫಿಡೆನ್ಸ್ ಬ್ಯಾರೇನ ಬರ್ತೈತಿ" ಅಂತ ಹಾಕಿದ್ದೆ. ಸುಳ್ಳು. ಡಿಲೀಟ್ ಮಾಡೀನಿ, ತಪ್ಪಾತು.

ಕ್ಲಿಪ್ ಪೆಡಲ್ ಕೆಟ್ಟ ವಸ್ತು ಅಲ್ಲ. ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ತಂದದ್ದು, ಮರುವರ್ಷ ಬರ್ನಾರ್ಡ್ ಇನೋ ಅದನ್ನೇ ಹಾಕಿ ಟೂರ್ ಡಿ ಫ್ರಾನ್ಸ್ ಗೆದ್ದ. ಶಿಮಾನೋದ ಎಸ್‌ಪಿಡಿ ಬಂದದ್ದು 1990ರಲ್ಲಿ. ರೇಸಿನವರಿಗೆ, ಜಿಗಿತದಾಗ ಕಾಲು ಹಾರಬಾರದು ಅನ್ನೋರಿಗೆ ಅದು ಬೇಕು. ಆದರ ಅದು ಕೊಡೋದು ಹಿಡಿತ. ಹಿಡಿತ ಬ್ಯಾರೆ, ನಂಬಿಕಿ ಬ್ಯಾರೆ. ಇನ್ನೂ ನಡುಗೋ ಸವಾರನಿಗೆ ಬೇಕಾಗಿದ್ದು "ಯಾವಾಗ ಬೇಕಂದ್ರ ಆವಾಗ ಕಾಲು ನೆಲಕ್ಕ ಇಡಬಲ್ಲೆ" ಅನ್ನೋ ಭರವಸೆ. ಕ್ಲಿಪ್ ಮೊದಲು ಕಸಗೊಳ್ಳೋದೇ ಅದನ್ನ.

ಮತ್ತ ನಮ್ಮ ಮಣ್ಣು ನೋಡ್ರಿ. ಜುಲೈ ಆಗಸ್ಟಿನ್ಯಾಗ ಎರಿ ಹೊಲದ ದಾರಿಯೊಳಗ ಹತ್ತು ಹೆಜ್ಜಿ ನಡದ್ರ ಚಪ್ಪಲ್ ಎರಡು ಕಿಲೋ ಆಗ್ತೈತಿ. ಆ ಅಂಟು ಮಣ್ಣು ಶೂ ತಳದ ತುಂಡಿನ್ಯಾಗ ಸೇರಿದ ಮ್ಯಾಲ ಪೆಡಲ್ ಕಚ್ಚಂಗಿಲ್ಲ, ಕಚ್ಚಿದರ ಬಿಡಂಗಿಲ್ಲ. "ಕಾಲು ಮ್ಯಾಲ ಎಳೆದಾಗಲೂ ಶಕ್ತಿ ಸಿಗ್ತೈತಿ" ಅಂತ ಮಾರೋರು ಹೇಳ್ತಾರ. ಬೇಕಂತಲೇ ಕಾಲು ಮೇಲಕ್ಕೆಳೆದು ತುಳಿದರೆ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚೇ ಆಗುತ್ತದೆ ಅಂತ 2007ರ ಒಂದು ಅಧ್ಯಯನ ತೋರಿಸಿತ್ತು, ಅದೂ ರೂಢಿ ಇದ್ದ ಸವಾರರ ಮೇಲೆ. ಸಾವಿರಾರು ರೂಪಾಯಿ ಇದ್ದರ ಒಳ್ಳೇ ಬ್ರೇಕ್ ಪ್ಯಾಡ್, ಹಿಂದಿನ ಲೈಟು, ಒಂದು ಹೆಲ್ಮೆಟ್ ತಗೊಳ್ರಿ. ಕ್ಲಿಪ್ ಬೇಕೇ ಬೇಕಂದ್ರ ಗ್ವಾಡಿ ಹಿಡಕೊಂಡು ಹಾಕೋದು ಬಿಡಿಸೋದು ನೂರು ಸಲ ಮಾಡಿ ಆಮ್ಯಾಲ ರಸ್ತೆಗೆ ಬರ್ರಿ.

ಭಾಗ 6

ಆರು ರವಿವಾರದ ಕಥಿ. ಭಾಳ ಉದ್ದ ಐತಿ, ಸೇವ್ ಮಾಡಿಟ್ಕೊಳ್ರಿ.

ನಾವು ಮೂವರು ಕ್ಲಾಸ್‌ಮೇಟ್ಸ್ ಬಸ್ ಹಿಡಿದು ತಂಗಿಯ ಹಳ್ಳಿಗೆ ಹೋಗ್ತಿದ್ವಿ. ಕಲಿಸಿದ್ದು ನಾನಲ್ಲ, ನಾನು ಪಾನಾ ಹಿಡಿದವ. ಕಲಿಸಿದಾಕಿ ನಮ್ಮ ರಾಮದುರ್ಗದ ಗೆಳತಿ.

ಮೊದಲ ರವಿವಾರ ಪೆಡಲ್ ಎರಡೂ ಬಿಚ್ಚಿ ಇಟ್ವಿ. ಸೀಟು ಎರಡೂ ಪಾದ ನೆಲಕ್ಕ ಪೂರ್ತಿ ಊರೋವಷ್ಟು ಇಳಿಸಿದ್ವಿ. ತಂಗಿಗೆ ಸಿಟ್ಟು ಬಂತು, "ನಾನೇನು ಸಣ್ಣ ಕೂಸೇನು?" ಹೊಸದಾಗಿ ಕಲಿಯೋರಿಗೂ, ಬಿದ್ದು ಅಂಜಿದವರಿಗೂ ಇದೇ ಮೊದಲ ಪಾಠ. ಕಾಲಿಲೆ ನೆಲ ಒದ್ದು ಮುಂದ ಹೋಗೋದು, ಎರಡೂ ಕಾಲು ಎತ್ತೋದು, ಸೈಕಲ್ ತಾನೇ ಹರಿಯೋದು. ಕಾಲು ಯಾವಾಗಲೂ ನೆಲದ ಹತ್ತಿರ ಇರೋದರಿಂದ ಅಂಜಿಕಿಗೆ ಜಾಗ ಸಿಗಂಗಿಲ್ಲ. ಅರ್ಧ ತಾಸಿನ್ಯಾಗ ಇಕಿ ನಗಾಕತ್ತಿದ್ದಳು.

ಪೆಡಲ್ ಬಿಚ್ಚೋದು ಹೆಂಗ ಅಂತ ಡಿಎಂ ಬರ್ತಾವ, ಇಲ್ಲೇ ಹೇಳ್ತೀನಿ. 15 ನಂಬರ್ ಪಾನಾ. ಬಲಗಡೆ ಪೆಡಲ್ ಎಲ್ಲಾ ನಟ್ಟಿನಂಗ ಗಡಿಯಾರದ ಉಲ್ಟಾ ತಿರುವಿದರ ಬಿಚ್ಚತೈತಿ. ಎಡಗಡೆದು ಮಾತ್ರ ಉಲ್ಟಾ ಥ್ರೆಡ್, ಗಡಿಯಾರ ತಿರುಗಿದಂಗ ತಿರುವಿದರ ಬಿಚ್ಚತೈತಿ. ಹಂಗ ಯಾಕ? ತುಳಿತಾ ಹೋದಂಗ ಎಡಗಡೆ ಪೆಡಲ್ ತಾನೇ ಸಡಿಲ ಆಗಬಾರದು ಅಂತ. ವಿಮಾನ ಹಾರಿಸೋ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1900ರಲ್ಲೇ ತಮ್ಮ ಸೈಕಲ್ಲುಗಳಿಗೆ ಹಿಂಗ ಮಾಡಿದ್ದರು. ಇದು ಗೊತ್ತಿಲ್ಲದ ನಾನು ಮೊದಲ ದಿನ ಎಡಗಡೆ ಪೆಡಲ್ಲನ್ನ ಬಿಚ್ಚತೇನಂತ ಜೋರು ಹಾಕಿ ಇನ್ನೂ ಬಿಗಿ ಮಾಡಿಬಿಟ್ಟಿದ್ದೆ. ತಿರುಗಿ ಕೂಡಿಸೋವಾಗ ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ, ಮೊದಲು ಕೈಲೆ ತಿರುವ್ರಿ, ಆಮ್ಯಾಲ ಪಾನಾ.

ಎರಡನೇ ರವಿವಾರ ಹೊಸ ರಬ್ಬರ್ ಪೆಡಲ್, ಹತ್ತೋದು ಮತ್ತ ನಿಲ್ಲಿಸೋದು. ಒಂದು ಪೆಡಲ್ಲನ್ನ ಗಡಿಯಾರದ 2 ಗಂಟಿ ಜಾಗಕ್ಕ ತಂದು ಅದರ ಮ್ಯಾಲ ಒತ್ತಿದರ ಒಂದೇ ತುಳಿತಕ್ಕ ಸೈಕಲ್ ಹರೀತೈತಿ, ಹೊಯ್ದಾಡಂಗಿಲ್ಲ. ನಿಲ್ಲಿಸೋವಾಗ ಎರಡೂ ಬ್ರೇಕ್. ಹಿಂದಿನದೊಂದೇ ಹಿಡಿದರ ಸೈಕಲ್ ಜಾರಿಕೊಂತ ದೂರ ಹೋಗ್ತೈತಿ, ಯಾಕಂದ್ರ ಬ್ರೇಕ್ ಹಿಡಿದ ಕೂಡಲೇ ಭಾರ ಮುಂದ ಬರ್ತೈತಿ. ಮುಂದಿನದನ್ನ ಒಮ್ಮೆಲೇ ಜಗ್ಗಿದರ ಪಲ್ಟಿ. ಮೆಲ್ಲಗ ಹಿಂಡೋದು ಕಲೀಬೇಕು, ಮೈ ಚೂರು ಹಿಂದ ಸರಿಸಿ. ರಂಗೋಲಿಲೆ ಗೆರಿ ಹಾಕಿ "ಇಲ್ಲೇ ನಿಲ್ಲಬೇಕು" ಅಂತ ಇಪ್ಪತ್ತು ಸಲ. ಇದನ್ನ ಮಾಡದ ಯಾರೂ ಯಲ್ಲಮ್ಮನ ಗುಡ್ಡ ಇಳಿಯೋ ಸಾಹಸಕ್ಕ ಹೋಗಬ್ಯಾಡ್ರಿ.

ಮೂರನೇದು ಸಾವಕಾಶ ಸ್ಪರ್ಧೆ. ಗ್ಯಾದರಿಂಗಿನ್ಯಾಗ ನೋಡೀರಲ್ಲ, ಕಾಲು ಊರದಂಗ ಯಾರು ಕಡೀಕ ಬರ್ತಾರ ಅವರೇ ಗೆದ್ದಂಗ. ಜೋರು ಹೋಗೋದು ಸಸಾರ, ಓಟವೇ ಸೈಕಲ್ಲನ್ನ ನಿಲ್ಲಿಸ್ತೈತಿ. ಮೆಲ್ಲಗ ಹೋಗೋದರಾಗ ಕೈ, ಕಾಲು, ಬ್ರೇಕ್ ಮೂರೂ ಕೂಡಿ ಕೆಲಸ ಮಾಡಬೇಕು. ತಂಗಿ ನನ್ನ ಎರಡು ಸಲ ಸೋಲಿಸಿದಳು. ಕಾಲ ಕಡೆ ನೋಡಿ ಪೆಡಲ್ ಹುಡುಕಾಕ ಹೋದಾಗಷ್ಟೇ ಆಕಿ ತಪ್ಪತಿದ್ದಳು. ಆಗ ರಾಮದುರ್ಗದಾಕಿ ಅಂದದ್ದು ನನಗ ಭಾಳ ಹಿಡಿಸಿತು: "ನಮ್ಮಜ್ಜ ಮಗ್ಗದ ಮ್ಯಾಲ ಕುಂತಾಗ ಒಂದಿನಾನೂ ಕಾಲ ಕಡೆ ನೋಡಿಲ್ಲ. ಕಣ್ಣು ನೂಲಿನ ಮ್ಯಾಲ, ಕಾಲಿಗೆ ಅದರ ಜಾಗ ಗೊತ್ತಿರತೈತಿ. ನೀನೂ ನೋಡಬ್ಯಾಡ."

ನಾಲ್ಕನೇ ರವಿವಾರದ ಸಲುವಾಗೇ ಉಳಿದದ್ದೆಲ್ಲಾ. ಹಿಂದ ನೋಡೋದು. ತಂಗಿ ಬಿದ್ದದ್ದು ಇದರಿಂದಲೇ ಅಲ್ಲೇನು? ತಲಿ ಬಲಕ್ಕ ತಿರುಗಿದರ ಭುಜ ತಿರುಗ್ತೈತಿ, ಭುಜ ತಿರುಗಿದರ ಕೈ ಹ್ಯಾಂಡಲ್ಲನ್ನ ಜಗ್ಗತೈತಿ, ಸೈಕಲ್ ರಸ್ತೆ ನಡುವ ಹೋಗ್ತೈತಿ, ಖರೇನೇ ಟ್ರ್ಯಾಕ್ಟರ್ ಇರೋ ಕಡೆಗೇ. ಇದು ಅಂಜಬುರುಕತನ ಅಲ್ಲ, ಎಲುಬಿನ ಲೆಕ್ಕ. ನಿಮಗೂ ಹಂಗೇ ಆಗ್ತೈತಿ, ಈಗಲೇ ಎದ್ದು ಮಾಡಿ ನೋಡ್ರಿ.

ನೂರು ಹೆಜ್ಜಿ ಉದ್ದ ರಂಗೋಲಿ ಗೆರಿ ಹಾಕಿದ್ವಿ. ಒಬ್ಬರು ಹಿಂದ ನಿಂತು ಬೆರಳು ತೋರಿಸೋದು, ಇಕಿ ಗೆರಿ ಬಿಡದಂಗ ಹೋಗ್ತಾ ತಿರುಗಿ ನೋಡಿ ಎಷ್ಟು ಬೆರಳು ಅಂತ ಹೇಳೋದು. ಮೊದಲ ಹತ್ತು ಸಲ ಪ್ರತಿ ಸಲ ಗೆರಿ ದಾಟಿ ಮೂರು ನಾಲ್ಕು ಫೂಟು ಬಲಕ್ಕ ಹೋದಳು. ಅಳೋದಷ್ಟೇ ಬಾಕಿ. ಆಮ್ಯಾಲ ಉಪಾಯ: ತುಳಿಯೋದು ನಿಲ್ಲಿಸಬ್ಯಾಡ, ಬಲಗೈ ಹ್ಯಾಂಡಲ್ಲಿನಿಂದ ತಗದು ತೊಡಿ ಮ್ಯಾಲ ಇಡು, ಗದ್ದ ಬಲ ಭುಜಕ್ಕ ತಾಗಿಸು. ಬಲಗೈ ಹ್ಯಾಂಡಲ್ ಮ್ಯಾಲ ಇಲ್ಲದ್ದಕ್ಕ ಭುಜ ತಿರುಗಿದರೂ ಅದನ್ನ ಜಗ್ಗಂಗಿಲ್ಲ. ಅದಕ್ಕ ಮೊದಲು ಒಂದೇ ಕೈಲೆ ಹೊಡಿಯೋದು ಬರಬೇಕು, ಅದಕ್ಕೊಂದು ಅರ್ಧ ತಾಸು ಹೋತು. ಆದರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಇಕಿ ಗೆರಿ ಮ್ಯಾಲ ಹೋಗ್ತಾ "ಮೂರು! ಐದು! ಎರಡು!" ಅಂತ ಒದರಾಕತ್ತಿದ್ದಳು. ಕಾಕಾ ಕಟ್ಟಿ ಮ್ಯಾಲ ಕುಂತು ನೋಡಿದರು. ಏನೂ ಅನ್ನಲಿಲ್ಲ, ಕೊಟ್ಟಿಗ್ಯಾಗಿಂದ ಕಣಕಿ ಸೂಡು ತಗದು ಬ್ಯಾರೆ ಕಡೆ ಇಟ್ಟರು.

ಐದನೇದು ತಿರುವು. ಹೊರಳೋ ಕಡೆಯ ಪೆಡಲ್ ಮ್ಯಾಲ, ಹೊರಗಿನ ಪೆಡಲ್ ಕೆಳಗ, ಭಾರ ಅದರ ಮ್ಯಾಲ. ಇಲ್ಲಂದ್ರ ವಾಲಿದಾಗ ಪೆಡಲ್ ನೆಲಕ್ಕ ಬಡೀತೈತಿ. ತಗ್ಗು ಬಂದಾಗ ಎರಡೂ ಪೆಡಲ್ ಸಮ ಮಾಡಿ, ಸೀಟಿನಿಂದ ಚೂರು ಏಳು. ರಸ್ತೆ ಮ್ಯಾಲ ರಾಶಿಗೆ ಹಾಕಿದ ಸೋಯಾಬೀನ್, ಜ್ವಾಳದ ಮ್ಯಾಲ ಹೋಗೋದಾದರ ನೆಟ್ಟಗ ಹೋಗು, ಬ್ರೇಕ್ ಹಿಡೀಬ್ಯಾಡ, ಹೊರಳಬ್ಯಾಡ. ಕಾಳು ಅಂದ್ರ ಗುಂಡು. ಇನ್ನ ಓಡ್ನಿ ಚೈನಿಗೆ ಸಿಗದಂಗ ಕಟ್ಟಿಕೊಳ್ಳೋದನ್ನ ನಾ ಹೇಳೋದು ಬ್ಯಾಡ, ಅದನ್ನ ಹುಡುಗ್ಯಾರೇ ನನಗ ಹೇಳಿದರು.

ಆರನೇ ರವಿವಾರ ಬೆಳಿಗ್ಗೆ ಆರೂವರಿಗೆ ರಸ್ತೆ.

ಭಾಗ 7

ಈಗ ಕಮೆಂಟುಗಳಿಗೆ.

"ಶಕ್ತಿ ಯೋಜನಾ ಐತಲ್ಲ, ಹುಡುಗ್ಯಾರಿಗೆ ಬಸ್ ಫ್ರೀ, ಸೈಕಲ್ ಯಾಕ?" 2023ರ ಜೂನ್ 11ರಿಂದ ಬಸ್ ಫ್ರೀ, ಖರೇ, ಭಾಳ ಛಲೋ ಕೆಲಸ. ಆದರ ಬಸ್ ಕ್ರಾಸಿನ ತನಕ ಬರ್ತೈತಿ. ಕ್ರಾಸಿನಿಂದ ಊರಿಗೆ ಎರಡು ಮೂರು ಕಿಲೋಮೀಟರ್ ಇದ್ದ ಹಳ್ಳಿ ನಮ್ಮ ನಾಲ್ಕೂ ತಾಲ್ಲೂಕಿನ್ಯಾಗ ಎಷ್ಟು ಅದಾವ ನೀವೇ ಎಣಿಸ್ರಿ. ಬಸ್ ತುಂಬಿದ್ರ ನಿಲ್ಲಂಗಿಲ್ಲ, ಸ್ಪೆಷಲ್ ಕ್ಲಾಸ್ ಮುಗಿದ ಮ್ಯಾಲ ಕಾಯಂಗಿಲ್ಲ. ಸೈಕಲ್ ಬಸ್ಸಿನ ವೈರಿ ಅಲ್ಲ, ಕ್ರಾಸಿನಿಂದ ಮನಿ ತನಕದ ಕೊಂಡಿ.

"ರಸ್ತೆನೇ ಸರಿ ಇಲ್ಲ, ಟ್ರೇಲರಿಗೆ ಲೈಟ್ ಇಲ್ಲ, ಹುಡುಗ್ಯಾರಿಗೆ ಪಾಠ ಹೇಳಾಕ ಬಂದೀಯೇನು?" ಈ ಕಮೆಂಟ್ ನನಗ ಚುಚ್ಚಿತು, ಯಾಕಂದ್ರ ಅರ್ಧ ಖರೇ. ಯಾವ ಅಭ್ಯಾಸವೂ ಕಬ್ಬಿನ ಟ್ರೇಲರನ್ನ ನಿಲ್ಲಿಸಂಗಿಲ್ಲ. ಟ್ರೇಲರ್ ಹಿಂದ ಕೆಂಪು ರಿಫ್ಲೆಕ್ಟರ್ ಹಚ್ಚೋದು ಮಾಲಕರ ಕೆಲಸ, ಹಚ್ಚಿಸೋದು ಪೊಲೀಸರ ಮತ್ತ ಕಾರ್ಖಾನೆಯವರ ಕೆಲಸ, ರಸ್ತೆ ಅಂಚು ಸರಿ ಮಾಡೋದು ಇಲಾಖೆ ಕೆಲಸ. ಅದಕ್ಕ ಬ್ಯಾರೆ ಪೋಸ್ಟ್ ಬರೀತೀನಿ, ಸಹಿ ಹಾಕಾಕ ರೆಡಿ ಇರ್ರಿ. ಆದರ ಆ ರಸ್ತೆ ಆಗೋ ತನಕ ತಂಗಿ ಹತ್ತನೇದು ದಾಟಿರ್ತಾಳ. ನನಗ ಎರಡೂ ಬೇಕು.

"ಅಷ್ಟ ಪ್ರಾಕ್ಟೀಸ್ ಮಾಡಿ ಆಕಿ ಈಗ ಏನು ಮಾಡ್ತಾಳ?" ಸೈಕಲ್ ಮ್ಯಾಲ ಶಾಲಿಗೆ ಹೋಗ್ತಾಳ. ಟ್ರ್ಯಾಕ್ಟರ್ ಸದ್ದು ಕೇಳಿದರ ಹಿಂದ ನೋಡ್ತಾಳ, ಎರಡು ಟ್ರೇಲರ್ ಇದ್ದರ ಕೆಳಗಿಳಿದು ಮಣ್ಣಿನ ಮ್ಯಾಲ ನಿಂದರ್ತಾಳ, ಅದು ಹೋದ ಮ್ಯಾಲ ಮತ್ತ ಹತ್ತತಾಳ. ಮಾವ ಇನ್ನೂ "ಅಂಜತಾಳ" ಅಂತಾನ. ಅನ್ನಲಿ. ಯಾವಾಗ ಇಳಿಯಬೇಕು ಅಂತ ತಿಳಿದು ಇಳಿಯೋದು, ತಾನೇ ಮತ್ತ ಹತ್ತೋದು, ಇದನ್ನ ನಾನು ಸವಾರಿ ಬರೋದು ಅಂತ ಕರೀತೀನಿ. ಕಾಲೇಜಿನ ಮಾತಿಗೆ ಕಾಕಾ "ನೋಡೋಣ" ಅಂದಾರ. ಮೊದಲು "ಸಾಕು" ಅಂದಿದ್ದರು.

ಭಾಗ 8

ನನ್ನ ಬೇಡಿಕಿ ಸಣ್ಣದು. ಸೈಕಲ್ ಹಂಚೋದು ಮತ್ತ ಶುರು ಆದ್ರ, ಆಗಲಿ ಅಂತೀನಿ, ಸೈಕಲ್ ಜೋಡಿ ಹತ್ತು ತಾಸಿನ ಅಭ್ಯಾಸವೂ ಇರಲಿ, ಪಿಟಿ ಪೀರಿಯಡ್ಡಿನ್ಯಾಗ. ಶುರು ಆಗದಿದ್ರೂ ರವಿವಾರ ಬೆಳಿಗ್ಗೆ ಎರಡು ತಾಸು ಶಾಲಿ ಗ್ರೌಂಡಿನ ಗೇಟ್ ತಗೀರಿ. ರಂಗೋಲಿ ನಾವು ತರ್ತೀವಿ. ಹೈಸ್ಕೂಲ್ ಟೀಚರ್‌ಗಳು ಇದನ್ನ ಓದ್ತಿದ್ದರ, ಸರ್, ಮೇಡಂ, ಇದು ನಿಮಗೇ.

ಮತ್ತ ದೋಸ್ತರೇ, ಲೈಕ್ ಒತ್ತಿ ಮುಂದ ಹೋಗೋ ಮೊದಲು ಹೊರಗ ಹೋಗಿ ಮನ್ಯಾಗಿನ ಸೈಕಲ್ಲಿನ ಪೆಡಲ್ ನೋಡಿ ಬರ್ರಿ. ಒಡೆದಿದ್ರ ಫೋಟೋ ಕಮೆಂಟಿನ್ಯಾಗ ಹಾಕ್ರಿ.

ಈ ರವಿವಾರ ಆರೂವರಿಗೆ ಬೈಲಹೊಂಗಲದಾಗ ನಮ್ಮ ಕಾಲೇಜ್ ಗ್ರೌಂಡ್. ಸೈಕಲ್ ಇಲ್ಲದವರೂ ಬರ್ರಿ, ಎರಡು ಹೆಚ್ಚಿಗಿ ಅದಾವ. ಹುಡುಗ್ಯಾರಿಗೆ ಕಲಿಸಾಕ ರಾಮದುರ್ಗದ ಗೆಳತಿ ಇರ್ತಾಳ. ಅಕ್ಕ, ಅವ್ವ ಯಾರಾದರೂ "ಸಣ್ಣಾಕಿದ್ದಾಗ ಬಿದ್ದಿದ್ದೆ" ಅನ್ನೋರು ಇದ್ದರ ಅವರನ್ನೂ ಕರಕೊಂಡು ಬರ್ರಿ. ಶೂ ಇಲ್ಲಾ ಪಟ್ಟಿ ಇರೋ ಚಪ್ಪಲ್. 15 ನಂಬರ್ ಪಾನಾ ಯಾರ ಮನ್ಯಾಗ ಐತಿ ಅವರು ತರ್ರಿ, ನಂದು ಹೋದ ವಾರ ಯಾರೋ ಒಯ್ದಾರ.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಗ್ರೌಂಡ್‌ಕೊಡ್ರಿ #ಪೆಡಲ್‌ನೋಡ್ರಿ